ಚಂದಾ ಮುಗಿದ ಆಕಾಶ, ಚಂದಾ ಕೇಳದ ಭದ್ರಾವತಿ

ನಮ್ಮ ಕಾಲೇಜಿನ ಕಮ್ಯುನಿಕೇಶನ್ ಲ್ಯಾಬ್‌ನ ಕಬ್ಬಿಣದ ಬೀರುವಿನಲ್ಲಿ ಎರಡು ರೇಡಿಯೊಗಳಿವೆ. ಒಂದು ಚರ್ಮದ ಕವರಿನ ಹಳೇ ಟ್ರಾನ್ಸಿಸ್ಟರ್. ನಮ್ಮಪ್ಪ ಹುಟ್ಟುವ ಮುಂಚಿನದೇ ಇರಬೇಕು. ಇನ್ನೊಂದು ವರ್ಲ್ಡ್‌ಸ್ಪೇಸ್ ಉಪಗ್ರಹ ರೇಡಿಯೊದ ರಿಸೀವರ್, ಜೊತೆಗೆ ಅಂಗೈ ಅಗಲದ ಚಪ್ಪಟೆ ಆಂಟೆನಾ. ಹಳೆಯದಕ್ಕೆ ಎರಡು ಸೆಲ್ ಹಾಕಿ ಕಿವಿ ತಿರುಗಿಸಿದರೆ 612 ಕಿಲೊಹರ್ಟ್ಸ್‌ನಲ್ಲಿ ಆಕಾಶವಾಣಿ ಬೆಂಗಳೂರು ಮಾತಾಡುತ್ತದೆ. ಹೊಸದಕ್ಕೆ ಕರೆಂಟ್ ಕೊಟ್ಟರೆ ಪುಟ್ಟ ಪರದೆ ಬೆಳಗುತ್ತದೆ, ಸಿಗ್ನಲ್ ಹುಡುಕುತ್ತದೆ, ಹುಡುಕುತ್ತಲೇ ಇರುತ್ತದೆ. ಅದು ಹುಡುಕುತ್ತಿರುವ ಪ್ರಸಾರ ಭಾರತದಲ್ಲಿ 2009ರ ಡಿಸೆಂಬರ್ 31ಕ್ಕೇ ನಿಂತುಹೋಗಿದೆ. ನಾನಾಗ ಅಂಗನವಾಡಿಯಲ್ಲಿದ್ದೆ.

ಆರನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿದ್ದ ನಮ್ಮ ನಾಲ್ವರ ತಂಡಕ್ಕೆ ಮೇಡಂ ಈ ಎರಡನ್ನೂ ತೆಗೆದು ಮೇಜಿನ ಮೇಲಿಟ್ಟರು. ‘ಹೊಸದು ಯಾಕೆ ಸತ್ತಿತು, ಹಳೆಯದು ಯಾಕೆ ಬದುಕಿದೆ, ಅದನ್ನ ಕಂಡುಹಿಡೀರಿ. ಎಂಎಲ್, ಎಐ ಅಂತ ಎಲ್ಲರೂ ಮಾಡೋದನ್ನ ನೀವೂ ಮಾಡಬೇಡಿ’ ಅಂದರು. ಕ್ಲಾಸಿನಲ್ಲಿ ಉಳಿದ ತಂಡಗಳೆಲ್ಲ ಮುಖ ಗುರುತಿಸುವ ಕ್ಯಾಮೆರಾ ಮಾಡುತ್ತಿದ್ದಾಗ ನಾವು ರೇಡಿಯೊ ಕಿವಿ ತಿರುಗಿಸುತ್ತ ಕೂತಿದ್ದೆವು. ನಕ್ಕವರು ಬಹಳ ಜನ.

ಮೊದಲು ಸತ್ತಿದ್ದರ ಕಥೆ. ವರ್ಲ್ಡ್‌ಸ್ಪೇಸ್ ಕಂಪನಿಯನ್ನು 1990ರಲ್ಲಿ ಕಟ್ಟಿದವರು ಇಥಿಯೋಪಿಯಾ ಮೂಲದ ನೋವಾ ಸಮಾರಾ. ಆಫ್ರಿಕಾದ ಹಳ್ಳಿಗಳಿಗೆ ಏಡ್ಸ್ ಬಗ್ಗೆ ಸರಿಯಾದ ಮಾಹಿತಿ ತಲುಪುತ್ತಿಲ್ಲ, ರಸ್ತೆ, ಟವರ್, ಪತ್ರಿಕೆ ಇಲ್ಲದ ಕಡೆಗೂ ಆಕಾಶದಿಂದ ದನಿ ಕಳಿಸಬಹುದಲ್ಲ ಎಂಬುದು ಅವರ ಯೋಚನೆಯಾಗಿತ್ತು. 1998ರಲ್ಲಿ ಆಫ್ರಿಸ್ಟಾರ್, 2000ದಲ್ಲಿ ಏಷ್ಯಾಸ್ಟಾರ್ ಉಪಗ್ರಹ ಹಾರಿದವು. ಅಮೆರಿಕದವರ ಎಕ್ಸ್‌ಎಂ, ಸಿರಿಯಸ್ ಶುರುವಾಗುವ ಮುಂಚೆಯೇ ನಮ್ಮ ತಲೆಯ ಮೇಲೆ ಉಪಗ್ರಹ ರೇಡಿಯೊ ಇತ್ತು ಅನ್ನುವುದು ನಮ್ಮ ತಂಡದ ಯಾರಿಗೂ ಗೊತ್ತಿರಲಿಲ್ಲ. ಇನ್ನೂ ಅಚ್ಚರಿಯ ಸಂಗತಿ ಎಂದರೆ ಅದರ ಭಾರತದ ಕೇಂದ್ರ ಕಚೇರಿ ಇದ್ದದ್ದು ಬೆಂಗಳೂರಿನಲ್ಲಿ. ಚಂದಾದಾರರಲ್ಲಿ ಬಹುಪಾಲು ಜನ ಇದ್ದದ್ದೂ ನಮ್ಮ ದೇಶದಲ್ಲೇ. ಆಫ್ರಿಕಾದ ಬಡವರಿಗಾಗಿ ಹೊರಟ ಯೋಜನೆ ಕೊನೆಗೆ ಜಯನಗರ, ಮಲ್ಲೇಶ್ವರದ ಹಾಲ್‌ಗಳಲ್ಲಿ ಕರ್ನಾಟಕ ಸಂಗೀತ ನುಡಿಸುತ್ತ ಕೂತಿತು!

ಹಾಗಂತ ಆಡಿಕೊಳ್ಳುವ ಹಾಗಿಲ್ಲ. ಅದರಲ್ಲಿ ಇಪ್ಪತ್ನಾಲ್ಕು ಗಂಟೆ ಕರ್ನಾಟಕ ಶಾಸ್ತ್ರೀಯ ಸಂಗೀತಕ್ಕೇ ‘ಶ್ರುತಿ’ ಎಂಬ ಚಾನೆಲ್ ಇತ್ತು. ಹಿಂದೂಸ್ತಾನಿಗೆ ‘ಗಂಧರ್ವ್’. ಕನ್ನಡಕ್ಕೆ ‘ಸ್ಪರ್ಶ’. ಜಾಝ್‌ಗೆ ಬೇರೆ, ಹಳೆಯ ಹಿಂದಿ ಹಾಡಿಗೆ ಬೇರೆ. ಎ.ಆರ್. ರೆಹಮಾನ್ ಅದರ ರಾಯಭಾರಿಯಾಗಿದ್ದರು. ಸಂಗೀತದ ಚಾನೆಲ್‌ಗಳಲ್ಲಿ ಜಾಹೀರಾತಿನ ಕಾಟವೂ ಇರಲಿಲ್ಲ. ನಮ್ಮ ಮೇಡಂ ಮನೆಯಲ್ಲಿ ಬೆಳಿಗ್ಗೆ ಐದಕ್ಕೇ ‘ಶ್ರುತಿ’ ಹಚ್ಚುತ್ತಿದ್ದರಂತೆ. ‘ಒಂದು ರಾಗವನ್ನ ಮಧ್ಯದಲ್ಲಿ ಕತ್ತರಿಸದೆ ಮುಕ್ಕಾಲು ಗಂಟೆ ಹಾಕೋ ಧೈರ್ಯ ಯಾವ ಎಫ್‌ಎಂಗಿದೆ ಹೇಳು’ ಎಂದು ಅವರು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ. ಬೆಂಗಳೂರಿನಲ್ಲಿ 2001ರ ಜುಲೈನಲ್ಲಿ ರೇಡಿಯೊ ಸಿಟಿ ಶುರುವಾದಾಗ ದೇಶದ ಮೊದಲ ಖಾಸಗಿ ಎಫ್‌ಎಂ ನಮ್ಮದೇ ಎಂದು ನಾವು ಹೆಮ್ಮೆ ಪಡುತ್ತೇವೆ. ಆಮೇಲೆ ಬಂದವುಗಳ ಸಂಖ್ಯೆ ಬೆಳೆಯಿತು. ಆದರೆ ಒಂದರಿಂದ ಇನ್ನೊಂದಕ್ಕೆ ತಿರುಗಿಸಿದರೆ ಅದೇ ಹಾಡು, ಅದೇ ಟ್ರಾಫಿಕ್ ಜೋಕು. ಆಯ್ಕೆಯ ವಿಷಯದಲ್ಲಿ ಉಪಗ್ರಹ ಗೆದ್ದಿತ್ತು ಎಂದು ಒಪ್ಪಲೇಬೇಕು.

ಅದು ಕೆಲಸ ಮಾಡುತ್ತಿದ್ದ ರೀತಿ ಇನ್ನೂ ಚೆನ್ನಾಗಿದೆ. ಏಷ್ಯಾಸ್ಟಾರ್ ಇದ್ದದ್ದು ಸಮಭಾಜಕ ವೃತ್ತದ ಮೇಲೆ, 105 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸುಮಾರು 35,786 ಕಿಲೊಮೀಟರ್ ಎತ್ತರದಲ್ಲಿ. ಅಷ್ಟು ಎತ್ತರದಲ್ಲಿ ಸುತ್ತುವ ಉಪಗ್ರಹ ಭೂಮಿಯ ಜೊತೆಜೊತೆಗೇ ತಿರುಗುವುದರಿಂದ ನಮಗೆ ಒಂದೇ ಕಡೆ ನಿಂತ ಹಾಗೆ ಕಾಣುತ್ತದೆ. ಬೆಂಗಳೂರಿನಿಂದ ಅದು ಎಲ್ಲಿ ಕಾಣಬೇಕು ಎಂದು ಲೆಕ್ಕ ಹಾಕಿದೆವು. ಪೂರ್ವಕ್ಕೆ ಮುಖ ಮಾಡಿ ಒಂಚೂರು ದಕ್ಷಿಣಕ್ಕೆ ವಾಲಿ, ದಿಗಂತದಿಂದ ಸುಮಾರು 55 ಡಿಗ್ರಿ ಮೇಲೆ ನೋಡಿದರೆ ಅಲ್ಲಿ. ಹಾಸ್ಟೆಲ್ ಟೆರೇಸ್‌ನಲ್ಲಿ ನಿಂತು ಬೆರಳು ತೋರಿಸಿದರೆ ಕಾಣುವುದು ಬರೀ ನೀರಿನ ಟ್ಯಾಂಕು. ಟ್ಯಾಂಕ್ ಅಡ್ಡ ಬಂತು ಎಂದರೆ ರೇಡಿಯೊ ಬಂದ್. ಕಾರಣ ಸರಳ: ಆ ತರಂಗದ ಉದ್ದ ಸುಮಾರು 20 ಸೆಂಟಿಮೀಟರ್, ಅಂದರೆ ಒಂದು ಗೇಣು. ಗೇಣುದ್ದದ ಅಲೆಗೆ ಕಾಂಕ್ರೀಟ್ ಗೋಡೆ ದಾಟುವ, ಕಟ್ಟಡ ಬಳಸಿ ಬರುವ ತಾಕತ್ತಿಲ್ಲ. ಅದಕ್ಕೇ ಆ ಚಪ್ಪಟೆ ಆಂಟೆನಾವನ್ನು ಪೂರ್ವದ ಕಿಟಕಿಯಲ್ಲಿಟ್ಟು ಗುರಿ ಹಿಡಿಯಬೇಕಿತ್ತು. ಪೂರ್ವಕ್ಕೆ ಕಿಟಕಿ ಇಲ್ಲದ ಬಾಡಿಗೆ ಮನೆಯವರಿಗೆ ಸಂಗೀತ ಯೋಗ ಇಲ್ಲ ಎಂದೇ ಅರ್ಥ.

ಅಮೆರಿಕದಲ್ಲಿ ಈ ತೊಂದರೆಗೆ ಅವರು ಕಂಡುಕೊಂಡ ಉಪಾಯ ಓದಿ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅಲ್ಲಿ ಉಪಗ್ರಹ ರೇಡಿಯೊ ಇರುವುದೇ ಕಾರಿಗಾಗಿ. ಕಾರು ಸೇತುವೆಯ ಕೆಳಗೆ ಹೋದರೆ ಸಿಗ್ನಲ್ ಕಡಿಯುತ್ತದಲ್ಲ? ಅದಕ್ಕೆ ಒಂದೇ ಕಾರ್ಯಕ್ರಮವನ್ನು ಎರಡು ಉಪಗ್ರಹಗಳಿಂದ ಕಳಿಸುತ್ತಾರೆ, ಅದರಲ್ಲಿ ಒಂದನ್ನು ನಾಲ್ಕು ಸೆಕೆಂಡ್ ತಡವಾಗಿ. ಸೇತುವೆಯ ಕೆಳಗೆ ಕಳೆದುಹೋದ ತುಣುಕು ಸೇತುವೆ ದಾಟಿದ ಮೇಲೆ ಎರಡನೇ ಉಪಗ್ರಹದಿಂದ ಸಿಗುತ್ತದೆ. ರಿಸೀವರ್ ಎರಡನ್ನೂ ಹೊಲಿದು ಕೇಳಿಸುತ್ತದೆ. ಡ್ರೈವರ್‌ಗೆ ಏನೂ ಗೊತ್ತಾಗುವುದಿಲ್ಲ. ಗಗನಚುಂಬಿ ಕಟ್ಟಡಗಳ ನಡುವೆ ಇದೂ ಸಾಲದು ಎಂದು ನೆಲದ ಮೇಲೂ ಮರುಪ್ರಸಾರದ ಟವರ್ ನಿಲ್ಲಿಸಿದ್ದಾರೆ. ಎಕ್ಸ್‌ಎಂ ಕಂಪನಿ ತನ್ನ ಮೊದಲ ಎರಡು ಉಪಗ್ರಹಗಳಿಗೆ ‘ರಾಕ್’ ಮತ್ತು ‘ರೋಲ್’ ಎಂದು ಹೆಸರಿಟ್ಟಿತ್ತು. ಎಂಜಿನಿಯರ್‌ಗಳಿಗೂ ತಮಾಷೆ ಬರುತ್ತದೆ ಎಂಬುದಕ್ಕೆ ಪುರಾವೆ!

ನನ್ನ ದೊಡ್ಡಮ್ಮನ ಮಗ ಟೆಕ್ಸಸ್‌ನಲ್ಲಿದ್ದಾನೆ. ವಿಡಿಯೊ ಕಾಲ್‌ನಲ್ಲಿ ಕೇಳಿದೆ. ‘ಇಲ್ಲಿ ಊರು ಬಿಟ್ಟು ಒಂದು ಗಂಟೆ ಕಾರ್ ಓಡಿಸಿದ್ರೆ ಎಫ್‌ಎಂ ಕರಗಿಹೋಗತ್ತೆ ಕಣೇ. ಮುಂದಿನ ಊರು ಬರೋವರೆಗೂ ಬರೀ ಗೊರ್ ಅಂತ. ಸ್ಯಾಟಲೈಟ್ ಆದ್ರೆ ಒಂದು ಸ್ಟೇಟ್ ದಾಟಿ ಇನ್ನೊಂದಕ್ಕೆ ಹೋದ್ರೂ ಅದೇ ಹಾಡು’ ಎಂದ. ಅವನ ಮಾತಿನಲ್ಲೇ ಉಪಗ್ರಹ ರೇಡಿಯೊ ಅಲ್ಲಿ ಯಾಕೆ ಉಳಿಯಿತು, ಇಲ್ಲಿ ಯಾಕೆ ಉಳಿಯಲಿಲ್ಲ ಎಂಬುದಕ್ಕೆ ಅರ್ಧ ಉತ್ತರ ಇತ್ತು. ಉದ್ದನೆಯ ಖಾಲಿ ಹೆದ್ದಾರಿ, ಕಾರಿನ ಜೊತೆಗೇ ಬರುವ ರಿಸೀವರ್, ತಿಂಗಳ ಚಂದಾ ಕಟ್ಟುವ ಅಭ್ಯಾಸ. ಆದರೂ ಅಲ್ಲಿ ಎರಡು ಕಂಪನಿಗಳು ಬೇರೆಬೇರೆಯಾಗಿ ಬದುಕಲಾಗದೆ 2008ರಲ್ಲಿ ಒಂದಾಗಿ ಸಿರಿಯಸ್‌ಎಕ್ಸ್‌ಎಂ ಆದವು. ನಮ್ಮಲ್ಲಿ ಕಾರಿಗೆ ಬೇಕಾದ ನೆಲದ ಟವರ್‌ಗಳ ಜಾಲ ಬರಲೇ ಇಲ್ಲ. ಹಾಗಾಗಿ ವರ್ಲ್ಡ್‌ಸ್ಪೇಸ್ ಕಿಟಕಿಗೆ ಕಟ್ಟಿಹಾಕಿದ ರೇಡಿಯೊ ಆಗಿಯೇ ಉಳಿಯಿತು. ಅಮೆರಿಕದಲ್ಲಿದ್ದ ಮೂಲ ಕಂಪನಿ 2008ರ ಅಕ್ಟೋಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಮುಂದಿನ ವರ್ಷದ ಕೊನೆಯ ದಿನ ಭಾರತದ ಪ್ರಸಾರ ನಿಂತಿತು.

ಇಲ್ಲೊಂದು ವಿಷಯ ಗಮನಿಸಿ. ಆ ದಿನ ಉಪಗ್ರಹ ಕೆಟ್ಟಿರಲಿಲ್ಲ, ಮನೆಯಲ್ಲಿದ್ದ ಸೆಟ್‌ಗಳೂ ಕೆಟ್ಟಿರಲಿಲ್ಲ. ಕೆಟ್ಟಿದ್ದು ಸಾವಿರಾರು ಮೈಲಿ ದೂರದ ಒಂದು ಕಂಪನಿಯ ಲೆಕ್ಕಪುಸ್ತಕ. ಚಂದಾದಾರರ ಸಿಗ್ನಲ್ ಬೀಗ ಹಾಕಿದ ರೂಪದಲ್ಲಿ ಬರುತ್ತಿತ್ತು, ಬೀಗದ ಕೈ ಕಂಪನಿಯ ಹತ್ತಿರ. ನಮ್ಮ ಲ್ಯಾಬಿನ ಸೆಟ್ ಬಿಚ್ಚಿ ನೋಡಿದಾಗ ಒಳಗೆ ಎಷ್ಟು ಚೊಕ್ಕವಾದ ಬೋರ್ಡ್ ಇದೆ ಎಂದರೆ ಹೊಟ್ಟೆ ಉರಿಯುತ್ತದೆ. ಟ್ಯೂನರ್ ಸರಿಯಿದೆ, ಡಿಕೋಡರ್ ಚಿಪ್ ಸರಿಯಿದೆ, ಸ್ಪೀಕರ್ ಸರಿಯಿದೆ. ಅದೇ ಬೋರ್ಡ್‌ನಿಂದ ಬೇರೆ ಯಾವ ಸ್ಟೇಷನ್ನೂ ಹಿಡಿಯಲು ಬರುವುದಿಲ್ಲ.

ಬದುಕಿರುವುದರ ಕಥೆಗೆ ನಾನು ನಮ್ಮೂರಿಗೆ ಹೋಗಬೇಕು. ತರೀಕೆರೆ ಕಡೆಯ ಹಳ್ಳಿ, ಸುತ್ತ ಅಡಿಕೆ ತೋಟ, ಹಿಂದೆ ಗುಡ್ಡ. ನಮ್ಮಜ್ಜನ ರೇಡಿಯೊ ಅಡುಗೆಮನೆಯ ಕಿಟಕಿಯ ಹಲಗೆಯ ಮೇಲಿರುತ್ತದೆ. ಮುಳ್ಳು 675ರಿಂದ ಕದಲುವುದಿಲ್ಲ. ಅದು ಭದ್ರಾವತಿ. 1965ರಿಂದ ಇರುವ ಕೇಂದ್ರ. ಅಜ್ಜನ ಮಟ್ಟಿಗೆ ರೇಡಿಯೊ ಎಂದರೆ ಭದ್ರಾವತಿ. ‘ರೇಡಿಯೊ ಹಾಕು’ ಎನ್ನುವುದಿಲ್ಲ, ‘ಭದ್ರಾವತಿ ಹಾಕು’ ಎನ್ನುತ್ತಾರೆ. ಸಂಜೆ ಕೃಷಿರಂಗ, ಆಮೇಲೆ ಪ್ರದೇಶ ಸಮಾಚಾರ, ಆಮೇಲೆ ಊಟ. ಆಷಾಢದಲ್ಲಿ ಕೊಳೆ ರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯುವ ಮಾತು ಬಂದರೆ ದನಿ ಜೋರು ಮಾಡುತ್ತಾರೆ. ಮೈಲುತುತ್ತ ಎಷ್ಟು, ಸುಣ್ಣ ಎಷ್ಟು ಎಂಬುದು ಅವರಿಗೆ ಬಾಯಿಪಾಠ. ಆದರೂ ಕೇಳುತ್ತಾರೆ. ‘ಗೊತ್ತಿರೋದನ್ನೇ ಯಾಕೆ ಕೇಳ್ತೀರಿ ಅಜ್ಜ?’ ಎಂದರೆ, ‘ಮಳೆ ಬಿಡುವು ಕೊಡತ್ತೋ ಇಲ್ಲವೋ ಅದನ್ನೂ ಹೇಳ್ತಾರಲ್ಲ ಪುಟ್ಟಿ. ಬೆಂಗಳೂರಿನವರಿಗೆ ನಮ್ಮ ಮಳೆ ಗೊತ್ತಾ?’ ಎನ್ನುತ್ತಾರೆ.

ಉಪಗ್ರಹಕ್ಕೆ ಈ ಮಳೆ ಗೊತ್ತಿಲ್ಲ. ಅದರ ಬೆಳಕಿನ ವೃತ್ತದಲ್ಲಿ ಅರ್ಧ ಏಷ್ಯಾ ಬರುತ್ತದೆ. ತರೀಕೆರೆಯ ಮಳೆಯ ಬಗ್ಗೆ ಹೇಳಲು ಅರ್ಧ ಏಷ್ಯಾದ ಜಾಗ ಖರ್ಚು ಮಾಡಲು ಯಾವ ಕಂಪನಿಯೂ ಒಪ್ಪುವುದಿಲ್ಲ. ಅಮೆರಿಕದಲ್ಲಿ ಇದು ಕಾನೂನಿನ ಜಗಳವೇ ಆಯಿತು. ಊರೂರಿನ ರೇಡಿಯೊ ಸ್ಟೇಷನ್‌ಗಳ ಸಂಘದವರು, ‘ಸ್ಥಳೀಯ ಸುದ್ದಿ, ಸ್ಥಳೀಯ ಜಾಹೀರಾತು ನಮ್ಮ ಅನ್ನ. ಅದಕ್ಕೆ ಉಪಗ್ರಹದವರು ಕೈ ಹಾಕಬಾರದು’ ಎಂದು ಹಟ ಹಿಡಿದರು. ಉಪಗ್ರಹ ಕಂಪನಿಗಳು ನೆಲದ ಟವರ್‌ಗಳಿಂದ ಆಯಾ ಊರಿಗೆ ಬೇರೆ ಕಾರ್ಯಕ್ರಮ ಹಾಕುವಂತಿಲ್ಲ, ಆಕಾಶದಿಂದ ಬಂದದ್ದನ್ನೇ ಮತ್ತೆ ಬಿಡಬೇಕು ಎಂದು ಅಲ್ಲಿ ನಿಯಮವಿದೆ. ಆಗ ಕಂಪನಿಗಳು ದೊಡ್ಡ ನಗರಗಳ ಟ್ರಾಫಿಕ್ ಮತ್ತು ಹವಾಮಾನದ ಚಾನೆಲ್‌ಗಳನ್ನು ಇಡೀ ದೇಶಕ್ಕೇ ಬಿತ್ತರಿಸಿದವು. ನ್ಯೂಯಾರ್ಕ್‌ನ ಟ್ರಾಫಿಕ್ ಜಾಮ್ ಸುದ್ದಿ ಟೆಕ್ಸಸ್‌ನ ಹೊಲದಲ್ಲೂ ಕೇಳುತ್ತದೆ ಎಂದು ಅಣ್ಣ ನಗುತ್ತಿದ್ದ.

675 ಕಿಲೊಹರ್ಟ್ಸ್ ಎಂದರೆ ತರಂಗದ ಉದ್ದ ಸುಮಾರು 444 ಮೀಟರ್. ನಮ್ಮೂರಿನ ಹಿಂದಿನ ಗುಡ್ಡ ಅದಕ್ಕೆ ಒಂದು ಉಬ್ಬು ಅಷ್ಟೆ. ನೆಲವನ್ನು ತಬ್ಬಿಕೊಂಡು ಗುಡ್ಡ ಬಳಸಿ ಬರುತ್ತದೆ. ಎಫ್‌ಎಂ ತರಂಗದ ಉದ್ದ ಮೂರು ಮೀಟರ್, ಅದಕ್ಕೆ ಅದೇ ಗುಡ್ಡ ಗೋಡೆ. ಮಲೆನಾಡಿನಲ್ಲಿ ಎಫ್‌ಎಂ ಒಂದು ಮನೆಯ ಅಂಗಳದಲ್ಲಿ ಸ್ಪಷ್ಟವಾಗಿ ಬಂದು ಹಿತ್ತಲಲ್ಲಿ ಮಾಯವಾಗುವುದು ಇದಕ್ಕೇ. ರಾತ್ರಿಯಾದರೆ ಮೀಡಿಯಂ ವೇವ್‌ನ ಆಟವೇ ಬೇರೆ. ಹಗಲು ಬಿಸಿಲಿಗೆ ವಾತಾವರಣದ ಮೇಲ್ಭಾಗದಲ್ಲಿ ಹುಟ್ಟುವ ಒಂದು ಪದರ ಈ ತರಂಗಗಳನ್ನು ಹೀರಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ, ಇನ್ನೂ ಮೇಲಿನ ಪದರಕ್ಕೆ ಬಡಿದ ತರಂಗ ನೂರಾರು ಕಿಲೊಮೀಟರ್ ದೂರ ಹೋಗಿ ಇಳಿಯುತ್ತದೆ. ಹಾಗಾಗಿ ರಾತ್ರಿ ಒಂಬತ್ತರ ಮೇಲೆ ಅಜ್ಜನ ಭದ್ರಾವತಿಯ ಹಿಂದೆ ಯಾವುದೋ ಭಾಷೆಯ ಹಾಡು ತೆಳ್ಳಗೆ ಕೇಳುತ್ತದೆ. ಆಗ ಅವರು ರೇಡಿಯೊವನ್ನು ಹಲಗೆಯ ಮೇಲೆ ಕಾಲು ಸುತ್ತು ತಿರುಗಿಸುತ್ತಾರೆ. ಹಾಡು ಹೋಗಿ ಭದ್ರಾವತಿ ನಿಲ್ಲುತ್ತದೆ. ಒಳಗಿರುವ ಫೆರೈಟ್ ಕಡ್ಡಿ ಆಂಟೆನಾ ಒಂದು ದಿಕ್ಕಿನಿಂದ ಕೇಳಿಸಿಕೊಳ್ಳುತ್ತದೆ, ಇನ್ನೊಂದು ದಿಕ್ಕಿಗೆ ಕಿವುಡಾಗುತ್ತದೆ ಎಂದು ನಾನು ನಾಲ್ಕನೇ ಸೆಮಿಸ್ಟರ್‌ನಲ್ಲಿ ಎರಡು ಪುಟ ಬರೆದು ಅಂಕ ಪಡೆದೆ. ಅಜ್ಜ ಐವತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದಾರೆ.

ಹೊಗಳಿಕೆ ಇಲ್ಲಿಗೆ ಸಾಕು. ಮೀಡಿಯಂ ವೇವ್‌ನ ದನಿ ಎಂದರೆ ಕಂಬಳಿ ಹೊದ್ದು ಮಾತಾಡಿದ ಹಾಗೆ. ಟ್ಯೂಬ್‌ಲೈಟ್ ಹಚ್ಚಿದರೆ ಗೊರಗೊರ, ಎಲ್‌ಇಡಿ ಬಲ್ಬಿನ ಅಗ್ಗದ ಸರ್ಕಿಟ್ ಇದ್ದರೆ ಇನ್ನೂ ಕಷ್ಟ, ಗುಡುಗು ಬಂದರೆ ಕೇಳುವುದೇ ಬೇಡ. ಸಂಗೀತ ಕೇಳಲು ಎಫ್‌ಎಂ ಬೇಕು, ಅನುಮಾನವೇ ಇಲ್ಲ. ಕಳಿಸುವವರ ಕಡೆಯ ಖರ್ಚೂ ಸಣ್ಣದಲ್ಲ. 444 ಮೀಟರ್ ತರಂಗದ ಕಾಲು ಭಾಗ ಎಂದರೂ ನೂರು ಮೀಟರ್ ದಾಟಿದ ಕಂಬ ಬೇಕು, ಆ ಕಂಬವೇ ಆಂಟೆನಾ. ಅದರ ಬುಡದ ಸುತ್ತ ಎಕರೆಗಟ್ಟಲೆ ಜಾಗದಲ್ಲಿ ತಾಮ್ರದ ತಂತಿಗಳನ್ನು ಚಕ್ರದ ಕಡ್ಡಿಗಳಂತೆ ಹೂಳಬೇಕು. ಹಗಲೂ ರಾತ್ರಿ ಹತ್ತಾರು ಕಿಲೊವ್ಯಾಟ್ ಕರೆಂಟ್. ಇದನ್ನೆಲ್ಲ ನೋಡಿ ಪ್ರಸಾರ ಭಾರತಿ ದೇಶದ ಹಲವೆಡೆ ಹಳೆಯ ಮೀಡಿಯಂ ವೇವ್ ಟ್ರಾನ್ಸ್‌ಮಿಟರ್‌ಗಳನ್ನು ಮುಚ್ಚುತ್ತ, ಅವುಗಳ ಬದಲು ಎಫ್‌ಎಂ ಹಾಕುತ್ತ ಬಂದಿದೆ. ಲೆಕ್ಕ ನೋಡುವವರ ಜಾಗದಲ್ಲಿ ನಾನಿದ್ದರೂ ಒಮ್ಮೆ ಯೋಚಿಸುತ್ತಿದ್ದೆ. ಆದರೆ ಒಂದು 20 ಕಿಲೊವ್ಯಾಟ್ ಮೀಡಿಯಂ ವೇವ್ ಮುಚ್ಚಿ ಒಂದು ಎಫ್‌ಎಂ ಇಟ್ಟರೆ ಬಯಲುಸೀಮೆಯಲ್ಲಿ ಆಗುವುದೇ ಬೇರೆ, ಗುಡ್ಡದ ಹಿಂದಿನ ನಮ್ಮೂರಲ್ಲಿ ಆಗುವುದೇ ಬೇರೆ. ನಕಾಶೆಯ ಮೇಲೆ ಕೈವಾರದಿಂದ ಎಳೆದ ವೃತ್ತಕ್ಕೆ ಗುಡ್ಡ ಕಾಣುವುದಿಲ್ಲ.

‘ಈಗ ಎಲ್ಲ ಮೊಬೈಲ್‌ನಲ್ಲೇ ಬರುತ್ತಲ್ಲ’ ಎಂದು ನೀವು ಕೇಳಬಹುದು. ನನ್ನ ಗೆಳೆಯರೂ ಅದನ್ನೇ ಕೇಳಿದರು. ನಿಜ, ಆಕಾಶವಾಣಿಯ ಆ್ಯಪ್‌ನಲ್ಲಿ ಭದ್ರಾವತಿಯೂ ಸಿಗುತ್ತದೆ, ಧಾರವಾಡವೂ ಸಿಗುತ್ತದೆ. ಟೆಕ್ಸಸ್‌ನ ಅಣ್ಣ ಕನ್ನಡ ಕೇಳುವುದು ಹಾಗೆಯೇ. ಮನೆಯ ಡಿಶ್‌ನಲ್ಲೂ ಆಕಾಶವಾಣಿ ಕನ್ನಡ ಬರುತ್ತದೆ, ಟಿವಿಯಲ್ಲಿ ರೇಡಿಯೊ ಕೇಳಬಹುದು. ಹಾಗೆ ನೋಡಿದರೆ ಅದೂ ಉಪಗ್ರಹ ರೇಡಿಯೊನೇ, ಅದೂ ಪುಕ್ಕಟೆ! ಇನ್ನೊಂದು ಗುಟ್ಟು ಹೇಳಲೇ? ದೆಹಲಿಯ ವಾರ್ತೆ ಭದ್ರಾವತಿಯ ಟ್ರಾನ್ಸ್‌ಮಿಟರ್‌ಗೆ ಬರುವುದೂ ಉಪಗ್ರಹದ ಮೂಲಕವೇ. ಮೇಲೆ ಹೋಗಿ ಕೆಳಗೆ ಬರಲು ಕಾಲು ಸೆಕೆಂಡ್ ಹಿಡಿಯುತ್ತದೆ. ವಾರ್ತೆಗೆ ಮುಂಚಿನ ‘ಟಿಕ್ ಟಿಕ್’ ಕೇಳಿ ಗಡಿಯಾರ ಸರಿಮಾಡಿಕೊಳ್ಳುವ ಅಜ್ಜನಿಗೆ ಇದನ್ನು ಹೇಳಿದೆ. ‘ಕಾಲು ಸೆಕೆಂಡ್ ತಡವಾದ್ರೆ ನಮ್ಮ ಬಸ್ಸೇನೂ ತಪ್ಪಲ್ಲ ಬಿಡು’ ಅಂದರು.

ಆದರೆ ಮಲೆನಾಡಿನ ಮಳೆಗೆ ಡಿಶ್ ಮೊದಲು ಶರಣಾಗುತ್ತದೆ. ಡಿಶ್‌ನ ತರಂಗ ಎರಡೂವರೆ ಸೆಂಟಿಮೀಟರ್ ಅಷ್ಟೆ, ಜೋರು ಮಳೆಯ ಹನಿಗಳೇ ಅದನ್ನು ನುಂಗಿಬಿಡುತ್ತವೆ. ಗಾಳಿಗೆ ಮರ ಬಿದ್ದು ಕರೆಂಟ್ ಹೋದರೆ ಟಿವಿ ಇಲ್ಲ. ಮೊಬೈಲ್ ಟವರ್‌ನ ಬ್ಯಾಟರಿ ಮುಗಿದ ಮೇಲೆ ಆ್ಯಪ್ ಇಲ್ಲ. ಕಳೆದ ಮಳೆಗಾಲದಲ್ಲಿ ನಾನು ಊರಿಗೆ ಹೋಗಿದ್ದಾಗ ಮೂರು ದಿನ ಹೀಗೇ ಆಯಿತು. ಕೊನೆಗೆ ಉಳಿದದ್ದು ಎರಡು ಸೆಲ್ಲಿನ ಆ ಡಬ್ಬಿ. ಘಾಟಿ ರಸ್ತೆ ಮುಚ್ಚಿದೆಯೋ, ಶಾಲೆಗೆ ರಜೆ ಇದೆಯೋ ಎಂದು ಅಕ್ಕಪಕ್ಕದ ಮನೆಯವರು ನಮ್ಮ ಅಡುಗೆಮನೆ ಕಿಟಕಿಯ ಹೊರಗೆ ಛತ್ರಿ ಹಿಡಿದು ನಿಂತಿದ್ದರು. ಅಜ್ಜಿ ಎಲ್ಲರಿಗೂ ಕಾಫಿ ಕೊಟ್ಟೂ ಕೊಟ್ಟೂ ಡಿಕಾಕ್ಷನ್ ಖಾಲಿಯಾಗಿ ಕಷಾಯಕ್ಕೆ ಇಳಿದಿದ್ದರು.

ನನ್ನ ಎಂಜಿನಿಯರಿಂಗ್ ಬುದ್ಧಿಗೆ ಮುಖ್ಯ ಎನಿಸಿದ್ದು ಇನ್ನೊಂದಿದೆ. ಮೀಡಿಯಂ ವೇವ್ ರಿಸೀವರ್ ಮಾಡಲು ಯಾರ ಅಪ್ಪಣೆಯೂ ಬೇಡ. ಒಂದು ಸುರುಳಿ, ಒಂದು ಕೆಪಾಸಿಟರ್, ಒಂದು ಡಯೋಡ್, ಒಂದು ಇಯರ್‌ಫೋನ್. ನಾವು ಲ್ಯಾಬ್‌ನಲ್ಲಿ ಮಾಡಿದೆವು. ಸೆಲ್ ಕೂಡ ಇಲ್ಲದೆ, ಕಿಟಕಿಯಿಂದ ಇಳಿಬಿಟ್ಟ ಉದ್ದ ತಂತಿ ಹಿಡಿದ ಶಕ್ತಿಯಲ್ಲೇ 612 ಪಿಸುಗುಟ್ಟಿತು. ಮುಖ ಗುರುತಿಸುವ ಕ್ಯಾಮೆರಾದ ಹುಡುಗರೂ ಸಾಲಾಗಿ ಬಂದು ಇಯರ್‌ಫೋನ್ ಕಿವಿಗಿಟ್ಟು ಕೇಳಿದರು, ‘ಪವರ್ ಎಲ್ಲಿಂದ ಬರ್ತಿದೆ?’ ಎಂದು ಮೇಜಿನ ಕೆಳಗೆ ಇಣುಕಿದರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ‘ಆಕಾಶವಾಣಿ’ ಎಂಬ ಹೆಸರಿನಲ್ಲಿ ಪ್ರಸಾರ ಶುರುಮಾಡಿದರಲ್ಲ, ಆ ಕಾಲದ ಸೆಟ್ ಯಾರದಾದರೂ ಅಟ್ಟದ ಮೇಲೆ ಸುಸ್ಥಿತಿಯಲ್ಲಿದ್ದರೆ ಅದರಲ್ಲಿ ಇವತ್ತಿನ 612 ಕೂಡ ಕೇಳಬಹುದು. ತೊಂಬತ್ತು ವರ್ಷದಲ್ಲಿ ಆ ಭಾಷೆ ಬದಲಾಗಿಲ್ಲ. ವರ್ಲ್ಡ್‌ಸ್ಪೇಸ್ ಸೆಟ್‌ನ ಆಯುಸ್ಸು ಹತ್ತು ವರ್ಷವೂ ತುಂಬಲಿಲ್ಲ.

ಹಾಗಂತ ಹಳೆಯ ಕಾಲದಲ್ಲಿ ಎಲ್ಲವೂ ಮುಕ್ತವಾಗಿತ್ತು ಎಂದೇನಲ್ಲ. 1980ರ ದಶಕದವರೆಗೂ ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ದುಡ್ಡು ಕಟ್ಟಿ ಲೈಸೆನ್ಸ್ ಮಾಡಿಸಬೇಕಿತ್ತು. ಅಜ್ಜನ ಪೆಟ್ಟಿಗೆಯಲ್ಲಿ ಆ ಪುಟ್ಟ ಪುಸ್ತಕ ಇನ್ನೂ ಇದೆ, ಒಳಗೆ ಸಾಲಾಗಿ ಅಂಟಿಸಿದ ಸ್ಟಾಂಪು. ಆದರೆ ದುಡ್ಡು ಕಟ್ಟಲು ಮರೆತರೆ ಇನ್‌ಸ್ಪೆಕ್ಟರ್ ಬರಬಹುದಿತ್ತೇ ಹೊರತು ರೇಡಿಯೊ ತಾನೇ ಬಾಯಿ ಮುಚ್ಚುತ್ತಿರಲಿಲ್ಲ. ಮಾತಾಡುವ ಹಕ್ಕಂತೂ ಸರ್ಕಾರದ್ದೇ ಆಗಿತ್ತು. ಗಾಳಿಯಲೆಗಳು ಸಾರ್ವಜನಿಕ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿದ ಮೇಲೆ ಬಾಗಿಲು ಸ್ವಲ್ಪ ತೆರೆಯಿತು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಹಳ್ಳಿಯವರೇ ‘ನಮ್ಮ ಧ್ವನಿ’ ನಡೆಸಿದರು. ಗಾಳಿಗೆ ಬಿಡಲು ಅನುಮತಿ ಇಲ್ಲದ ದಿನಗಳಲ್ಲಿ ಕೇಬಲ್ ಮೂಲಕ ಮನೆಮನೆಗೆ ಕಳಿಸಿದರು. 2006ರ ನೀತಿ ಬಂದ ಮೇಲೆ ಸಂಘಸಂಸ್ಥೆಗಳಿಗೂ ಸಮುದಾಯ ರೇಡಿಯೊ ನಡೆಸುವ ಅವಕಾಶ ಸಿಕ್ಕಿತು. ಹತ್ತು ಕಿಲೊಮೀಟರ್ ಆಸುಪಾಸಿಗೆ ಕೇಳುವ ಪುಟ್ಟ ಎಫ್‌ಎಂ. ಖಾಸಗಿ ಎಫ್‌ಎಂಗಳು ಇವತ್ತಿಗೂ ತಮ್ಮದೇ ಸುದ್ದಿ ಓದುವಂತಿಲ್ಲ. ಬೇಕಿದ್ದರೆ ಆಕಾಶವಾಣಿಯ ಬುಲೆಟಿನ್ ಅನ್ನು ಇದ್ದ ಹಾಗೇ ಹಾಕಬಹುದು ಅಷ್ಟೆ. ಊರಿನ ಟ್ರಾಫಿಕ್ ಹೇಳಬಹುದು, ಊರಿನ ರಾಜಕೀಯ ಹೇಳುವಂತಿಲ್ಲ. ಲೋಕಲ್ ರೇಡಿಯೊ ಲೋಕಲ್ ಆಗಿರಲು ನಾವೇ ಬಿಟ್ಟಿಲ್ಲ ಎಂದು ನನಗನಿಸುತ್ತದೆ.

ಮುಚ್ಚುವುದು ಬರೀ ಕಳಿಸುವ ಕಡೆಯಲ್ಲ, ಕೇಳುವ ಕಡೆಯೂ ನಡೆದಿದೆ. ಎಷ್ಟೋ ಮೊಬೈಲ್‌ಗಳ ಚಿಪ್‌ನೊಳಗೆ ಎಫ್‌ಎಂ ಇದ್ದರೂ ಕಂಪನಿಗಳು ಅದನ್ನು ಚಾಲೂ ಮಾಡುವುದಿಲ್ಲ. ಇಯರ್‌ಫೋನ್‌ನ ತಂತಿಯೇ ಆಂಟೆನಾ ಆಗಿತ್ತು, ಈಗ ಆ ತೂತೇ ಇಲ್ಲ. ಫೋನ್‌ಗಳಲ್ಲಿ ಎಫ್‌ಎಂ ಇರಲಿ ಎಂದು 2023ರಲ್ಲಿ ಕೇಂದ್ರ ಸರ್ಕಾರವೇ ತಯಾರಕರಿಗೆ ಹೇಳಬೇಕಾಯಿತು. ಅದೇ ವರ್ಷ ಅಮೆರಿಕದಲ್ಲಿ ಫೋರ್ಡ್ ಕಂಪನಿ ಹೊಸ ಕಾರುಗಳಿಂದ ಎಎಂ ರೇಡಿಯೊ ತೆಗೆಯುತ್ತೇನೆ ಎಂದು ಹೇಳಿ, ಗಲಾಟೆಯಾದ ಮೇಲೆ ವಾಪಸ್ ತೆಗೆದುಕೊಂಡಿತು. ಎಲೆಕ್ಟ್ರಿಕ್ ಕಾರಿನ ಮೋಟಾರಿನ ಸದ್ದು ಎಎಂಗೆ ತೊಂದರೆ ಕೊಡುತ್ತದೆ ಎಂಬುದು ಕಂಪನಿಗಳ ವಾದ. ತೊಂದರೆ ಇರುವುದು ನಿಜ, ತಡೆಯುವ ದಾರಿಯೂ ಇದೆ, ಅದಕ್ಕೆ ಖರ್ಚಾಗುತ್ತದೆ. ಅಪಾಯದ ಹೊತ್ತಿನಲ್ಲಿ ಎಚ್ಚರಿಕೆ ತಲುಪಿಸಲು ಎಎಂ ಬೇಕು ಎಂದು ಅಲ್ಲಿನ ಸಂಸತ್ತಿನಲ್ಲಿ ಮಸೂದೆಯನ್ನೇ ಮಂಡಿಸಿದರು. ಉಪಗ್ರಹ ರೇಡಿಯೊ ಕಾರಿನಲ್ಲಿ ಕೂತಿರುವ ದೇಶದಲ್ಲೇ ಈ ಮಾತು ಬಂತು.

ರಜೆಗೆ ಊರಿಗೆ ಹೊರಟಾಗ ಹಳೇ ಟ್ರಾನ್ಸಿಸ್ಟರ್ ಮತ್ತು ಒಂದು ನೋಟ್‌ಬುಕ್ ಹಿಡಿದು ಶಿವಮೊಗ್ಗದ ಬಸ್ ಹತ್ತಿದೆ. ಕಿಟಕಿ ಪಕ್ಕದ ಸೀಟು. ತುಮಕೂರು ದಾಟುವ ಹೊತ್ತಿಗೆ ಮೊಬೈಲ್‌ನ ಬೆಂಗಳೂರು ಎಫ್‌ಎಂಗಳು ಒಂದೊಂದೇ ಸೊರಗಿದವು. 612 ಮಾತ್ರ ತಿಪಟೂರಿನಲ್ಲೂ ಗಟ್ಟಿಯಾಗಿತ್ತು, ಬಸ್ಸಿನ ಎಂಜಿನ್ನಿನ ಗುರ್ ಸದ್ದಿನ ಜೊತೆ. ಅರಸೀಕೆರೆಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ 675 ತಿರುಗಿಸಿದೆ. ಮೊದಲು ಉಸಿರು, ಆಮೇಲೆ ಯಾರೋ ಹೆಣ್ಣುಮಗಳ ದನಿ. ಕಡೂರಿನ ತೆಂಗಿನ ತೋಟಗಳ ನಡುವೆ ಎರಡೂ ಸಮಸಮ. ಬೀರೂರು ದಾಟಿದ ಮೇಲೆ ಭದ್ರಾವತಿಯದೇ ರಾಜ್ಯ. ಪಕ್ಕದಲ್ಲಿ ಕೂತಿದ್ದ ಹಿರಿಯರು ಅಷ್ಟು ಹೊತ್ತೂ ನನ್ನ ಬರವಣಿಗೆಯನ್ನೇ ನೋಡುತ್ತಿದ್ದವರು, ‘ಇದು ಯಾವ ಊರಿಂದ ಬರ್ತಿದೆ ತಾಯಿ?’ ಎಂದು ಕೇಳಿದರು. ಹೇಳಿದೆ. ‘ಸ್ವಲ್ಪ ಜೋರು ಮಾಡು’ ಅಂದರು. ಹಿಂದಿನ ಸೀಟಿನವರು ಬೇಡ ಅನ್ನಲಿಲ್ಲ.

ನಮ್ಮ ವರದಿಯ ಕೊನೆಯ ಅಧ್ಯಾಯ ಇನ್ನೂ ಬಾಕಿ ಇದೆ. ಮೇಡಂ ಹೇಳಿದ ಹಾಗೆ, ಮಳೆ ಹಿಡಿದ ಮೇಲೆ ನಮ್ಮೂರಿನ ಹದಿನೈದು ಜಾಗಗಳಲ್ಲಿ 675ರ ಸಿಗ್ನಲ್ ಮತ್ತು ಹತ್ತಿರದ ಎಫ್‌ಎಂನ ಸಿಗ್ನಲ್ ಅಳೆಯಬೇಕು: ಗುಡ್ಡದ ಮುಂದೆ, ಗುಡ್ಡದ ಹಿಂದೆ, ನೆನೆದ ಅಡಿಕೆ ತೋಟದ ಒಳಗೆ. ಆ ಅಂಕಿಗಳನ್ನು ಒಂದು ಪತ್ರದ ಜೊತೆ ಆಕಾಶವಾಣಿಗೂ ಕಳಿಸಬೇಕೆಂದಿದ್ದೇವೆ. ಟ್ರಾನ್ಸ್‌ಮಿಟರ್‌ಗಳ ಬಗ್ಗೆ ತೀರ್ಮಾನ ಮಾಡುವವರ ಮೇಜಿನ ಮೇಲೆ ಕೈವಾರದ ವೃತ್ತದ ಪಕ್ಕ ನಮ್ಮ ಗುಡ್ಡವೂ ಇರಲಿ ಎಂದು. ಅಳತೆಗೆ ಸ್ಪೆಕ್ಟ್ರಮ್ ಅನಲೈಸರ್ ಅನ್ನು ಲ್ಯಾಬಿನಿಂದ ಹೊರಗೆ ಒಯ್ಯಲು ಎಚ್‌ಒಡಿ ಸರ್ ಒಪ್ಪಿದ್ದಾರೆ, ಪ್ಲಾಸ್ಟಿಕ್ ಹೊದಿಕೆ ಮಾತ್ರ ನಾವೇ ತರಬೇಕಂತೆ. ಅಜ್ಜನೂ ಒಪ್ಪಿದ್ದಾರೆ. ನಾಲ್ವರಿಗೂ ಊಟ, ಇಂಬಳಕ್ಕೆ ಉಪ್ಪು ಸುಣ್ಣ, ತೋಟ ತೋರಿಸಲು ಆಳು, ಎಲ್ಲದರ ಹೊಣೆ ಅವರದು. ಕೃಷಿರಂಗದ ಹೊತ್ತಿಗೆ ಮಾತ್ರ ಕಿಟಕಿಯ ಹಲಗೆಯ ಮೇಲಿನ ಸೆಟ್ಟನ್ನು ಯಾರೂ ಮುಟ್ಟಬಾರದಂತೆ.